ಶಾಲು ಸಾಕು, ಚಿತ್ರ ಕೊಳ್ಳಿ

ನಮ್ಮ ಕಾಸರಗೋಡಿನ ಕನ್ನಡಿಗರಿಗೆ ಚಿತ್ರ ಬರೆಯುವವನ ನೆನಪಾಗುವುದು ಮೂರು ಸಂದರ್ಭಗಳಲ್ಲಿ. ಬ್ರಹ್ಮಕಲಶದ ಸ್ಮರಣ ಸಂಚಿಕೆಗೆ ಮುಖಪುಟ ಬೇಕಾದಾಗ, ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ಅರಮನೆಯ ಪರದೆ ಬೇಕಾದಾಗ ಮತ್ತು ಸನ್ಮಾನಿತರ ಪಟ್ಟಿಯಲ್ಲಿ ಒಬ್ಬರು ಕಡಿಮೆ ಬಿದ್ದಾಗ. ಮೊದಲಿನ ಎರಡು ಕೆಲಸಗಳಿಗೆ ಸಂಭಾವನೆಯಿಲ್ಲ, ಏಕೆಂದರೆ ಅದು ‘ನಮ್ಮದೇ ಕಾರ್ಯಕ್ರಮ’. ಮೂರನೆಯದಕ್ಕೆ ಒಂದು ಶಾಲು, ಒಂದು ಬುಟ್ಟಿ ಹಣ್ಣು, ಒಂದು ಫಲಕ. ಆತ ಬರೆದ ಚಿತ್ರವನ್ನು ಹಣ ಕೊಟ್ಟು ಮನೆಗೆ ಒಯ್ದವರು ನಮ್ಮಲ್ಲಿ ಎಷ್ಟು ಮಂದಿ? ಈ ಪ್ರಶ್ನೆ ಕೇಳುವುದಕ್ಕಾಗಿಯೇ ಈ ಲೇಖನ. ಕೆಲವು ಹಿರಿಯರಿಗೆ ಕಹಿಯಾದೀತು. ಆದರೂ ಯಾರಾದರೂ ಒಬ್ಬರು ಕೇಳಬೇಕಷ್ಟೆ.

ನನಗೆ ಚೆನ್ನಾಗಿ ತಿಳಿದ ಒಬ್ಬ ಚಿತ್ರಕಾರರಿದ್ದಾರೆ. ಹೆಸರು ಬರೆದರೆ ಅವರಿಗೆ ಮುಜುಗರವಾದೀತೆಂದು ಬರೆಯುವುದಿಲ್ಲ. ಐವತ್ತು ದಾಟಿದವರು. ಬೋರ್ಡು, ಗೋಡೆ ಬರಹಗಳಿಂದ ಸಂಸಾರ ಸಾಗಿಸುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಅದೂ ಮುಕ್ಕಾಲು ಪಾಲು ನಿಂತಿತು. ಅವರು ಬರೆಯುವುದು ನಮ್ಮದೇ ಊರನ್ನು: ಮುರಕಲ್ಲಿನ ಗುಡ್ಡ, ಮಳೆಗಾಲದಲ್ಲಿ ಮಾತ್ರ ತುಂಬುವ ಪಳ್ಳ, ಗುಡ್ಡದ ಹೊಟ್ಟೆಗೆ ಕೊರೆದ ಸುರಂಗದ ಬಾಯಿ, ಅಡಿಕೆ ಹರಡಿದ ಅಂಗಳ, ಕಲ್ಲಿನ ಕೋರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿಹೋದ ಗುಡ್ಡದ ಮೈ. ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗುವುದಕ್ಕೆ ಮೊದಲು ತಲಪಾಡಿಯಿಂದ ಈಚೆಗೆ ದಾರಿಯ ಬದಿಯಲ್ಲಿದ್ದ ಮರ, ಗೂಡಂಗಡಿ, ಬಸ್ಸು ಕಾಯುವ ಕಟ್ಟೆಗಳನ್ನು ಒಂದೊಂದಾಗಿ ಕುಳಿತು ಬರೆದಿಟ್ಟಿದ್ದಾರೆ. ಈಗ ಆ ಮರಗಳಿಲ್ಲ, ಆ ಅಂಗಡಿಗಳೂ ಇಲ್ಲ.

ಇವರು ಒಬ್ಬಂಟಿಯಾಗಿ ಪ್ರದರ್ಶನ ಮಾಡುವಷ್ಟು ಸ್ಥಿತಿವಂತರಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ನಾಲ್ಕೈದು ಮಂದಿ ಸೇರಿ, ಪೇಟೆಯಲ್ಲೊಂದು ಸಭಾಂಗಣವನ್ನು ಮೂರು ದಿನಕ್ಕೆ ಬಾಡಿಗೆಗೆ ಹಿಡಿದು ಸಮೂಹ ಪ್ರದರ್ಶನ ನಡೆಸುತ್ತಾರೆ. ಆ ಗುಂಪಿನಲ್ಲಿ ಮಲಯಾಳಿಗಳೂ ಇದ್ದಾರೆ, ಕನ್ನಡದವರೂ ಇದ್ದಾರೆ. ಇದಲ್ಲದೆ ಕೆಲವು ವರ್ಷಗಳಿಂದ, ಮಳೆ ಬಿಟ್ಟ ಮೇಲೆ ತಿಂಗಳಿಗೊಂದು ಭಾನುವಾರ ಅವರು ತಮ್ಮ ಕೆಲಸದ ಮನೆಯನ್ನೇ ಊರವರಿಗೆ ತೆರೆದಿಡುತ್ತಾರೆ. ಹಿಂದೆ ಅದು ದನದ ಹಟ್ಟಿಯಾಗಿತ್ತು. ಮುಗಿದ ಚಿತ್ರ, ಅರ್ಧವಾದ ಚಿತ್ರ, ಕೆಟ್ಟುಹೋದ ಚಿತ್ರ ಎಲ್ಲವೂ ಅಲ್ಲಿ ಕಣ್ಣಿಗೆ ಬೀಳುತ್ತವೆ. ಬಂದವರು ಕುಂಚ ಹಿಡಿದು ನೋಡಬಹುದು, ಪ್ರಶ್ನೆ ಕೇಳಬಹುದು. ಬೆಲ್ಲದ ಕಾಫಿಯೂ ಸಿಗುತ್ತದೆ. ಇಷ್ಟಾದರೂ ಬರುವವರು ಯಾರು? ಅಕ್ಕಪಕ್ಕದ ಮಕ್ಕಳು, ಒಬ್ಬಿಬ್ಬರು ನಿವೃತ್ತ ಮೇಷ್ಟ್ರುಗಳು, ಪಯ್ಯನ್ನೂರಿನ ಕಡೆಯಿಂದ ಬೈಕಿನಲ್ಲಿ ಬರುವ ಕೆಲವು ಮಲಯಾಳಿ ಯುವಕರು. ‘ಸಂಸ್ಕೃತಿ’ ಎಂಬ ಶಬ್ದವಿಲ್ಲದೆ ಭಾಷಣ ಮುಗಿಸದ ನಮ್ಮ ಮಹನೀಯರು ಆ ಹಟ್ಟಿಯ ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ.

ಸಮೂಹ ಪ್ರದರ್ಶನಕ್ಕೆ ಬರುತ್ತಾರೆ, ಸುಳ್ಳು ಹೇಳಬಾರದು. ಉದ್ಘಾಟನೆಗೆ ಬರುತ್ತಾರೆ. ಅಲ್ಲಿ ಕುರ್ಚಿ ಹಾಕುವ ಕ್ರಮವನ್ನು ನೀವು ಗಮನಿಸಬೇಕು. ಮೂರು ಗೋಡೆಗಳಲ್ಲಿ ಚಿತ್ರಗಳು, ನಾಲ್ಕನೆಯ ಗೋಡೆಗೆ ವೇದಿಕೆ. ಸಭಿಕರೆಲ್ಲರ ಮುಖ ವೇದಿಕೆಯ ಕಡೆಗೆ, ಬೆನ್ನು ಚಿತ್ರಗಳ ಕಡೆಗೆ. ಸ್ವಾಗತ, ಪ್ರಾಸ್ತಾವಿಕ, ದೀಪ, ಉದ್ಘಾಟನಾ ಭಾಷಣ, ಅಧ್ಯಕ್ಷರ ಮಾತು, ಶುಭಾಶಂಸನೆಗೆ ಆರು ಜನ, ವಂದನಾರ್ಪಣೆ. ಒಂದೂಮುಕ್ಕಾಲು ಗಂಟೆ ಕಳೆದ ಮೇಲೆ ಚಹಾ. ಚಹಾದ ಲೋಟ ಹಿಡಿದುಕೊಂಡು ಗೋಡೆಯ ಪಕ್ಕ ಒಂದು ಸುತ್ತು. ಆ ಸುತ್ತು ಬಾಗಿಲ ಬಳಿಗೆ ಬಂದಾಗ ಮುಗಿಯಿತು. ಮರುದಿನ ಪತ್ರಿಕೆಯಲ್ಲಿ ದೀಪ ಹಚ್ಚುವವರ ಪಟ ಬರುತ್ತದೆ. ಚಿತ್ರಪ್ರದರ್ಶನದ ಸುದ್ದಿಯಲ್ಲಿ ಒಂದು ಚಿತ್ರವೂ ಕಾಣದ ವಿಚಿತ್ರ ಇದು.

ಸಂದರ್ಶಕರ ಪುಸ್ತಕ ತೆರೆದು ಓದಿದರೆ ಇನ್ನೂ ತಮಾಷೆ. ‘ಚೆನ್ನಾಗಿದೆ’, ‘ಶುಭವಾಗಲಿ’, ‘ಫೋಟೋದ ಹಾಗೆಯೇ ಇದೆ’, ‘ಕನ್ನಡ ತಾಯಿಯ ಸೇವೆ ಹೀಗೆಯೇ ಮುಂದುವರಿಯಲಿ’. ಹಾಗೆ ಹರಸಿದ ಮಹನೀಯರು ನಿಂತದ್ದು ಕಲ್ಲಿನ ಕೋರೆಯ ಚಿತ್ರದ ಮುಂದೆ. ಅದರಲ್ಲಿ ಕನ್ನಡ ತಾಯಿ ಎಲ್ಲಿದ್ದಳೋ ಅವರೇ ಬಲ್ಲರು. ಹಿಂದಿನ ಸಲದ ಪ್ರದರ್ಶನದಲ್ಲಿ ಪುಸ್ತಕದ ಹಾಳೆಗಳು ತುಂಬಿದ್ದವು, ಮಾರಾಟವಾದ ಚಿತ್ರಗಳು ಎರಡು. ಎರಡನ್ನೂ ಕೊಂಡವರು ಊರಿಗೆ ವರ್ಗವಾಗಿ ಬಂದಿದ್ದ ತಿರುವನಂತಪುರದ ಕಡೆಯ ಒಬ್ಬ ಉದ್ಯೋಗಸ್ಥೆ. ಅವರಿಗೆ ನಮ್ಮ ಸುರಂಗವೆಂದರೆ ಏನೆಂದೇ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಂಡು ಕೊಂಡರು.

‘ನಮ್ಮವರ ಕೈಯಲ್ಲಿ ದುಡ್ಡೆಲ್ಲಿದೆ?’ ಎಂದು ಕೇಳುವವರಿದ್ದಾರೆ. ಬ್ಯಾಂಕಿನಲ್ಲಿ ಕುಳಿತು ಲೆಕ್ಕ ಬರೆಯುವುದೇ ನನ್ನ ಉದ್ಯೋಗ. ಆದ್ದರಿಂದ ಇದಕ್ಕೆ ಲೆಕ್ಕದಿಂದಲೇ ಉತ್ತರ ಹೇಳುತ್ತೇನೆ. ಒಂದು ಶಾಲಿಗೆ 300 ರೂಪಾಯಿ, ಫಲಕಕ್ಕೆ 600, ಹಣ್ಣಿನ ಬುಟ್ಟಿಗೆ 250, ಹಾರಕ್ಕೆ 150 ಎಂದು ಇಟ್ಟುಕೊಳ್ಳಿ. ಒಬ್ಬರಿಗೆ 1,300 ಆಯಿತು. ಒಂದು ದಿನದ ಸಮ್ಮೇಳನದಲ್ಲಿ ಹತ್ತು ಮಂದಿಗೆ ಸನ್ಮಾನವೆಂದರೆ 13,000. ನಾನು ಹೇಳಿದ ಚಿತ್ರಕಾರರು ಎರಡಡಿ-ಮೂರಡಿಯ ಒಂದು ಚಿತ್ರಕ್ಕೆ ಕಟ್ಟು ಹಾಕಿಸಿ ಕೇಳುವುದು 9,000. ಅಂದರೆ ಒಂದೇ ಒಂದು ಸಭೆಯ ಶಾಲು-ಫಲಕಗಳ ಹಣದಲ್ಲಿ ಒಂದು ಚಿತ್ರ ಬಂದು, 4,000 ರೂಪಾಯಿ ಮಿಕ್ಕುತ್ತದೆ. ಹಣ್ಣು ಮೂರು ದಿನದಲ್ಲಿ ಕೊಳೆಯುತ್ತದೆ, ಶಾಲು ಪೆಟ್ಟಿಗೆಗೆ ಹೋಗುತ್ತದೆ, ಫಲಕ ಅಲಮಾರಿನ ಮೇಲೆ ಧೂಳು ತಿನ್ನುತ್ತದೆ. ಚಿತ್ರ ನಮ್ಮ ಶಾಲೆಯ ಗೋಡೆಯಲ್ಲಿ ಐವತ್ತು ವರ್ಷ ನಿಂತೀತು. ಇಲ್ಲಿ ಕಡಿಮೆಯಿರುವುದು ಹಣವಲ್ಲವೆಂದು ಹೇಳಲು ಇನ್ನೇನು ಬೇಕು?

ಲೆಕ್ಕದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಆ ಹಟ್ಟಿಗೆ ಸೋರದ ಮಾಡು ಹಾಕಿಸಬೇಕೆಂದು ಈ ಚಿತ್ರಕಾರರು ಒಂದು ಬ್ಯಾಂಕಿಗೆ ಸಾಲ ಕೇಳಲು ಹೋದರು. ದನಕ್ಕೆ ಸಾಲವಿದೆ, ಆಟೋರಿಕ್ಷಾಕ್ಕಿದೆ, ಅಡಿಕೆ ತೋಟಕ್ಕಿದೆ. ಚಿತ್ರಕ್ಕೆ? ‘ನಿಮ್ಮ ದಾಸ್ತಾನು ಏನು?’ ಎಂದು ಕೇಳಿದರು. ‘ನೂರೈವತ್ತು ಚಿತ್ರಗಳಿವೆ’ ಎಂದರು. ‘ಬೆಲೆ ಎಷ್ಟು? ಕಳೆದ ಮೂರು ವರ್ಷ ಎಷ್ಟು ಮಾರಿದ್ದೀರಿ? ರಶೀದಿ ಇದೆಯೇ?’ ಅಲ್ಲಿಗೆ ಮಾತು ನಿಂತಿತು. ಕೊನೆಗೆ ‘ನಾಮಫಲಕ ಬರೆಯುವ ಉದ್ದಿಮೆ’ ಎಂದು ಅರ್ಜಿ ಬರೆದು ಸಣ್ಣದೊಂದು ಸಾಲ ಸಿಕ್ಕಿತು. ಸಾಲದ ಅಧಿಕಾರಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೊಂಡವರೇ ಇಲ್ಲದ ವಸ್ತುವಿಗೆ ಯಾವ ಬ್ಯಾಂಕೂ ಬೆಲೆ ಕಟ್ಟಲಾರದು. ಚಿತ್ರ ಕೊಂಡು ರಶೀದಿ ಪಡೆದಾಗ ಕಲಾವಿದನ ಕೈಗೆ ಹಣ ಸೇರುವುದಷ್ಟೇ ಅಲ್ಲ, ಅವನ ಕೆಲಸಕ್ಕೆ ಊರು ಒಂದು ಬೆಲೆಯನ್ನು ಬರೆದಿಟ್ಟ ಹಾಗಾಗುತ್ತದೆ. ಮುಂದಿನ ಸಾಲಕ್ಕೆ, ಮುಂದಿನ ಗಿರಾಕಿಗೆ, ಮನೆಯವರ ಮುಂದೆ ತಲೆಯೆತ್ತಿ ನಿಲ್ಲುವುದಕ್ಕೆ ಆ ಕಾಗದವೇ ಆಧಾರ. ಶಾಲಿಗೆ ರಶೀದಿ ಎಲ್ಲಿಂದ ಬರಬೇಕು?

ಎರಡನೆಯ ಸಬೂಬು: ‘ನಮಗೆ ಚಿತ್ರ ಅರ್ಥವಾಗುವುದಿಲ್ಲ.’ ಇದನ್ನು ನಾನು ಒಪ್ಪುವುದೇ ಇಲ್ಲ. ತೆಂಕುತಿಟ್ಟಿನ ಬಣ್ಣದ ವೇಷಧಾರಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಮುಖಕ್ಕೆ ಚುಟ್ಟಿ ಇಡುತ್ತಾನಲ್ಲ, ಅದರಲ್ಲಿ ಒಂದು ಸಾಲು ಹೆಚ್ಚುಕಡಿಮೆಯಾದರೆ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ಅಜ್ಜ ಹಿಡಿದು ಹೇಳುತ್ತಿದ್ದರು. ಆಶ್ಲೇಷಾ ಬಲಿಗೆ, ನಾಗಮಂಡಲಕ್ಕೆ ಐದು ಬಣ್ಣದ ಹುಡಿಗಳಲ್ಲಿ ಮಂಡಲ ಬರೆಯುವಾಗ ಹೆಡೆಯ ತಿರುವು ಸರಿಯಾಯಿತೋ ಇಲ್ಲವೋ ಎಂದು ನೋಡುವ ಕಣ್ಣು ನಮ್ಮ ಮನೆಯ ಹೆಂಗಸರಿಗಿದೆ. ನಮ್ಮ ನೆರೆಯ ಮಲಯಾಳಿಗಳ ಕಳಮೆಳುತ್ತಿನಲ್ಲೂ ಹಾಗೆಯೇ, ಅವರ ತೆಯ್ಯದ ಮುಖಬರಹದಲ್ಲೂ ಹಾಗೆಯೇ. ಇಂಥ ಕಣ್ಣುಳ್ಳ ಜನ ‘ನಮಗೆ ಅರ್ಥವಾಗದು’ ಎಂದರೆ ಅದು ವಿನಯವಲ್ಲ, ಜಾರಿಕೊಳ್ಳುವ ಉಪಾಯ. ವಿಚಿತ್ರವೆಂದರೆ, ಪೂಜೆ ಮುಗಿದೊಡನೆ ಅಳಿಸಿಹಾಕುವ ಮಂಡಲಕ್ಕೆ ನಾವು ಚೌಕಾಶಿಯಿಲ್ಲದೆ ದಕ್ಷಿಣೆ ಕೊಡುತ್ತೇವೆ. ಉಳಿಯುವ ಚಿತ್ರಕ್ಕೆ ಕೊಡುವುದಿಲ್ಲ. ಮಂಡಲಕ್ಕೆ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಬರೆಯುವ ಕೈಗೆ ತೋರುವ ಗೌರವದ ಅರ್ಧ ಪಾಲನ್ನು ಈ ಕೈಗೂ ತೋರಿಸಿ ಎನ್ನುತ್ತೇನೆ.

ಮೂರನೆಯ ಮಾತು ಹೆಚ್ಚು ಗಂಭೀರವಾದದ್ದು, ಅದಕ್ಕೆ ಗೌರವದಿಂದಲೇ ಉತ್ತರಿಸಬೇಕು. ‘1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ವರದಿ ಬಂತು, ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆಂದಿತು, ಕಡತ ಮುಚ್ಚಿತು. 2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂತು, ಬೀದಿಗಿಳಿದೆವು. ಶಾಲೆ, ಅಧ್ಯಾಪಕರ ನೇಮಕಾತಿ, ಕನ್ನಡದಲ್ಲಿ ಅರ್ಜಿ ಇವೇ ಮುಗಿಯದ ಹೋರಾಟವಾಗಿರುವಾಗ ಚಿತ್ರದ ಮಾತೇಕೆ?’ ಎನ್ನುತ್ತಾರೆ. ಆ ಹೋರಾಟಗಳ ನ್ಯಾಯವನ್ನು ಯಾರೂ ಪ್ರಶ್ನಿಸಲಾರರು. ಕಯ್ಯಾರರ ಮಾತು ಕೇಳಿ ಬೆಳೆದವರಿಗೆ ಅದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಹಕ್ಕು ಕೇಳುವುದು ಯಾವುದಕ್ಕಾಗಿ? ಇಲ್ಲಿ ಒಂದು ಬಾಳು ಇದೆ, ಅದಕ್ಕೆ ಕನ್ನಡದ ಮಾತು ಇದೆ, ಅದು ಉಳಿಯಲಿ ಎಂದಲ್ಲವೇ? ಆ ಬಾಳು ಹೇಗಿತ್ತು ಎಂಬುದನ್ನು ಬರೆದಿಡುವವನನ್ನು ಹಟ್ಟಿಯಲ್ಲಿ ಬಿಟ್ಟು, ಮನವಿಪತ್ರವನ್ನು ಮಾತ್ರ ಹಿಡಿದುಕೊಂಡು ಎಷ್ಟು ದೂರ ನಡೆಯಬಹುದು? ಬೆಂಗಳೂರಿನಲ್ಲೋ ದುಬೈಯಲ್ಲೋ ಹುಟ್ಟಿದ ನಮ್ಮ ಮೊಮ್ಮಕ್ಕಳಿಗೆ ‘ಪಳ್ಳ’ ಎಂಬ ಶಬ್ದವನ್ನು ನಿಘಂಟಿನಿಂದ ಕಲಿಸಲಾಗದು. ಗೋಡೆಯಲ್ಲಿ ಆ ಚಿತ್ರವಿದ್ದರೆ ‘ಇದೇನಜ್ಜಾ?’ ಎಂದು ಅವರೇ ಕೇಳಿಯಾರು. ಶಬ್ದ ಆಗ ಬಾಯಿಗೆ ಬರುತ್ತದೆ.

‘ಅವರು ಮಲಯಾಳಿಗಳ ಜತೆ ಸೇರಿ ಪ್ರದರ್ಶನ ಮಾಡುವವರು’ ಎಂಬ ಗುಸುಗುಸು ಕೂಡ ಕೇಳಿದ್ದೇನೆ. ಸೇರಿ ಮಾಡದೆ ಮತ್ತೇನು? ಬಾಡಿಗೆ ಹಂಚಿಕೊಳ್ಳುವುದಕ್ಕೆ ಅವರಲ್ಲಿ ಆ ಮೂವರು ಬಂದರು. ನಮ್ಮ ಸಂಘಗಳು ಬರಲಿಲ್ಲ. ಈ ವಾರ್ಷಿಕವನ್ನೇ ನೋಡಿ. ಎಡದಿಂದ ಕನ್ನಡ ಓದುವವರು ಮಲಯಾಳದ ಪುಟ ಬಂದಾಗ ಮಡಚಿಡುತ್ತಾರೆ, ಅತ್ತಲಿಂದ ಓದುವವರು ಕನ್ನಡದ ಪುಟದಲ್ಲಿ ನಿಲ್ಲುತ್ತಾರೆ. ಎರಡು ಕಡೆಯವರೂ ನಿಂತು ನೋಡುವುದು ನಡುವಿನ ರೇಖಾಚಿತ್ರಗಳನ್ನು. ಆದರೂ ಅವನ್ನು ಬರೆದವರ ಹೆಸರು ಕೊನೆಯ ಪುಟದಲ್ಲಿ, ಮುದ್ರಣಾಲಯದ ಹೆಸರಿಗಿಂತ ಸಣ್ಣ ಅಕ್ಷರದಲ್ಲಿ ಬರುತ್ತದೆ. ಸಂಪಾದಕರು ಈ ವಾಕ್ಯವನ್ನು ಹೊಡೆದುಹಾಕುವುದಿಲ್ಲವೆಂದು ನಂಬಿದ್ದೇನೆ.

ಕಲಾವಿದ ಊರು ಬಿಟ್ಟು ಹೋದ ಮೇಲೆ ‘ನಮ್ಮವರು’ ಎನ್ನುವುದರಲ್ಲಿ ನಾವು ನಿಸ್ಸೀಮರು. ಉಡುಪಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಗೆ ಹೋಗಿ ಹೆಸರಾದ ಮೇಲೆ ಕರಾವಳಿಯ ಹೆಮ್ಮೆಯಾದರು. ನಮ್ಮದೇ ಜಿಲ್ಲೆಯ ದಕ್ಷಿಣ ಭಾಗದ ಕಾನಾಯಿ ಕುಞ್ಞಿರಾಮನ್ 1969ರಲ್ಲಿ ಮಲಂಪುಳದಲ್ಲಿ ಯಕ್ಷಿಯನ್ನು ಕೆತ್ತಿ ಕೇರಳವೆಲ್ಲ ಗುಲ್ಲೆಬ್ಬಿಸಿದ ಮೇಲೆ ಎಲ್ಲರಿಗೂ ಬೇಕಾದರು. ಹೋಗಲಾಗದೆ ಇಲ್ಲಿಯೇ ಉಳಿದವನ ಗತಿಯೇನು? ಇಲ್ಲಿಯೇ ಉಳಿದು ಬಾಳುವುದಕ್ಕೂ ದಾರಿಯಿದೆಯೆಂದು ಬೇರೆಯವರು ತೋರಿಸಿದ್ದಾರೆ. 1966ರಲ್ಲಿ ಕೆ. ಸಿ. ಎಸ್. ಪಣಿಕ್ಕರ್ ಮತ್ತು ಅವರ ಸಂಗಡಿಗರು ಮದರಾಸಿನ ಹೊರಗೆ ಕಡಲ ದಂಡೆಯಲ್ಲಿ ಚೋಳಮಂಡಲ ಕಲಾಗ್ರಾಮವನ್ನು ಕಟ್ಟಿದರು. ಬಾಟಿಕ್ ಬಟ್ಟೆ ಮತ್ತಿತರ ಕರಕುಶಲ ವಸ್ತುಗಳನ್ನು ಮಾಡಿ ಮಾರಿ, ಆ ಹಣದಲ್ಲಿ ಹೊಟ್ಟೆಪಾಡು ನೋಡಿಕೊಂಡು ಚಿತ್ರ ಬರೆದರು. ಅವರ ಮನೆಗಳೇ ಚಿತ್ರಶಾಲೆಗಳಾದುವು, ಜನ ಅಲ್ಲಿಗೇ ಹೋಗಿ ನೋಡಿದರು, ಕೊಂಡರು. 2012ರಲ್ಲಿ ಕೊಚ್ಚಿಯಲ್ಲಿ ಬಿನಾಲೆ ಆರಂಭವಾದಾಗ ಅವರು ಹೊಸ ಅರಮನೆ ಕಟ್ಟಿಸಲಿಲ್ಲ. ಹಳೆಯ ವ್ಯಾಪಾರದ ಮಾಳಿಗೆ, ಗೋದಾಮುಗಳ ಬಾಗಿಲು ತೆರೆದರು. ನಮ್ಮಲ್ಲಿ ಬೇಸಿಗೆ ರಜೆಯಲ್ಲಿ ಬೀಗ ಹಾಕಿದ ಕನ್ನಡ ಶಾಲೆಗಳ ಕೋಣೆಗಳಿಗೇನು ಬರಗಾಲವೇ?

ಕಾಯುವುದಕ್ಕೆ ಕಾಲವಿಲ್ಲವೆಂಬುದನ್ನೂ ತಿಳಿಯಬೇಕು. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಮನೆ ‘ಗಿಳಿವಿಂಡು’ ಆಗಿ ನಿಲ್ಲಲು ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು. ಕವಿಗೆ ಅದು ನಡೆದೀತು, ಪುಸ್ತಕಕ್ಕೆ ನೂರಾರು ಪ್ರತಿಗಳಿರುತ್ತವೆ, ಎಲ್ಲೋ ಒಂದು ಉಳಿಯುತ್ತದೆ. ಚಿತ್ರಕ್ಕೆ ಇರುವುದು ಒಂದೇ ಪ್ರತಿ. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಊರಿನಲ್ಲಿ, ಅಟ್ಟದ ಮೇಲೆ ಸುತ್ತಿಟ್ಟ ಬಟ್ಟೆಗೆ ಬೂಷ್ಟು ಹಿಡಿಯಲು ಒಂದು ಆಟಿ ಸಾಕು, ಗೆದ್ದಲಿಗೆ ಒಂದು ರಾತ್ರಿ ಸಾಕು. ಚಿತ್ರಕಾರ ಹೋದ ಮೇಲೆ ಮಕ್ಕಳು ಮನೆ ಮಾರುತ್ತಾರೆ, ಕೊಂಡವನು ಅಟ್ಟ ಗುಡಿಸುತ್ತಾನೆ. ಆಮೇಲೆ ನಾವು ಸಂತಾಪ ಸಭೆ ಮಾಡಿ ‘ತುಂಬಲಾರದ ನಷ್ಟ’ ಎಂದು ನಿರ್ಣಯ ಪಾಸು ಮಾಡುತ್ತೇವೆ.

ಕಲಾವಿದರನ್ನೂ ಬಿಡುವಂತಿಲ್ಲ. ಸ್ವಾಮೀ, ನಿಮ್ಮ ಪ್ರದರ್ಶನದ ಚೀಟಿಗಳಲ್ಲಿ ಇಂಗ್ಲಿಷ್ ಇರುತ್ತದೆ, ಕೆಲವೊಮ್ಮೆ ಮಲಯಾಳವಿರುತ್ತದೆ; ಕನ್ನಡ ಎಲ್ಲಿ? ಭಾಷಾ ಅಲ್ಪಸಂಖ್ಯಾತರ ನೆಲದಲ್ಲಿ ನಿಂತು, ಕನ್ನಡದಲ್ಲಿ ಸಹಿ ಹಾಕುವವರೇ ಹೀಗೆ ಮಾಡಿದರೆ ಕಚೇರಿಗಳನ್ನು ಬೈಯುವುದು ಯಾವ ಬಾಯಿಂದ? ‘ಶೀರ್ಷಿಕೆಯಿಲ್ಲ’ ಎಂದು ಬರೆದು ತೂಗಿಸಿದ ಮೇಲೆ ನೋಡುವವನಿಗೆ ಹಿಡಿಯಲು ಎಳೆ ಯಾವುದು? ಬೆಲೆಯನ್ನು ಬರೆಯಲು ಸಂಕೋಚವೇಕೆ? ತರಕಾರಿ ಅಂಗಡಿಯವನು ಸಂಕೋಚ ಪಡುವುದಿಲ್ಲ. ಬೆಲೆ ಕೇಳಲು ಹೆದರಿ ಎಷ್ಟೋ ಮಂದಿ ಮನೆಗೆ ಹೋಗಿದ್ದಾರೆ. ಮತ್ತು ಒಂದು ವಿನಂತಿ: ಮುಂದಿನ ಸಲ ಉದ್ಘಾಟನಾ ಸಭೆಯೇ ಬೇಡ. ಬಾಗಿಲು ತೆರೆಯಿರಿ, ಸಾಕು.

ಕೊನೆಗೆ, ಟೀಕಿಸುವವನು ದಾರಿಯನ್ನೂ ಹೇಳಬೇಕೆಂಬ ನ್ಯಾಯವಿದೆ. ನಮ್ಮ ಪ್ರತಿಯೊಂದು ಕನ್ನಡ ಸಂಘ, ಗ್ರಂಥಾಲಯ, ಭಜನಾ ಮಂದಿರ, ಸಹಕಾರಿ ಸಂಘ ವರ್ಷಕ್ಕೆ ಒಂದೇ ಒಂದು ಚಿತ್ರವನ್ನು, ಈ ಊರಿನವರಿಂದ, ಬೆಲೆ ಕೊಟ್ಟು, ರಶೀದಿ ಪಡೆದು ಕೊಳ್ಳಲಿ. ಅದನ್ನು ಪಕ್ಕದ ಕನ್ನಡ ಶಾಲೆಯ ಗೋಡೆಗೆ ತೂಗಿಸಲಿ, ಕೆಳಗೆ ಎರಡೂ ಭಾಷೆಗಳಲ್ಲಿ ಹೆಸರು ಬರೆಯಲಿ. ಗಡಿಯಾಚೆಯಿಂದ ಅನುದಾನ ಬಂದರೆ ಅದರಲ್ಲಿ ಒಂದು ಪಾಲು ಚಪ್ಪರಕ್ಕೆ ಹೋಗುವ ಮೊದಲೇ ಇದಕ್ಕೆ ತೆಗೆದಿಡಲಿ. ಬೇಸಿಗೆ ರಜೆಯಲ್ಲಿ ಶಾಲೆಯ ಎರಡು ಕೋಣೆಗಳನ್ನು ಸಮೂಹ ಪ್ರದರ್ಶನಕ್ಕೆ ಬಾಡಿಗೆಯಿಲ್ಲದೆ ಕೊಡಲಿ. ಮಲಯಾಳಿ ಮಿತ್ರರೂ ಬರಲಿ, ಅವರ ಕೆಲಸವೂ ನಮ್ಮ ಗೋಡೆಯಲ್ಲಿ ತೂಗಲಿ. ಇನ್ನು ಮನೆಯವರು ಮಾಡಬೇಕಾದದ್ದು ಇದಕ್ಕಿಂತ ಸುಲಭ. ಗೃಹಪ್ರವೇಶಕ್ಕೆ ಹೋಗುವಾಗ ಆರನೆಯ ಗೋಡೆ ಗಡಿಯಾರವನ್ನು ಒಯ್ಯಬೇಡಿ, ಒಂದು ಸಣ್ಣ ಚಿತ್ರವನ್ನು ಒಯ್ಯಿರಿ. ಕಟ್ಟು ಹಾಕಿದ ಒಂದು ರೇಖಾಚಿತ್ರಕ್ಕೆ ಗಡಿಯಾರದ ಬೆಲೆಯೇ ಆಗುತ್ತದೆ.

ಇಷ್ಟನ್ನೂ ಮಾಡಲಾಗದಿದ್ದರೆ ಸನ್ಮಾನವನ್ನಾದರೂ ನಿಲ್ಲಿಸಿ. ನಾನು ಹೇಳಿದ ಆ ಚಿತ್ರಕಾರರ ಮನೆಯಲ್ಲಿ ಈಗಾಗಲೇ ಹದಿನಾಲ್ಕು ಶಾಲುಗಳಿವೆ. ಮಳೆಗಾಲದಲ್ಲಿ ಅವರು ಅವನ್ನು ಚಿತ್ರಗಳಿಗೆ ಹೊದಿಸಿ ಇಡುತ್ತಾರೆ, ಹನಿ ಬೀಳದಿರಲಿ ಎಂದು.